ಬಿಸಿ ಮಾಡದ ಒಂದು ರಾಡು

ಚಾಸಿ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳಿಗೆ ನಾಲ್ಕು ಮಾತು ಬರೆದುಕೊಡಿ ಸಾಬರೇ ಎಂದು ನಮ್ಮೂರಿನ ತರಬೇತಿ ಮೇಷ್ಟ್ರೊಬ್ಬರು ಆರು ತಿಂಗಳಿಂದ ಬೆನ್ನು ಬಿದ್ದಿದ್ದಾರೆ. ನಾನು ಓದಿದ್ದು ಏಳನೇ ಕ್ಲಾಸು. ಪೆನ್ನು ಹಿಡಿದರೂ ಕೈ ವೆಲ್ಡಿಂಗ್ ರಾಡು ಹಿಡಿದ ಹಾಗೆಯೇ ಓರೆಯಾಗುತ್ತದೆ, ಅಕ್ಷರಗಳೆಲ್ಲ ಬಲಕ್ಕೆ ವಾಲುತ್ತವೆ. ಓದುವವರು ಕತ್ತನ್ನು ಸ್ವಲ್ಪ ಓರೆ ಮಾಡಿಕೊಂಡು ಓದಬೇಕು, ಅಷ್ಟೆ.

ನನ್ನ ಹೆಸರು ಮಹಬೂಬ್. ಶಿಕಾರಿಪುರದಲ್ಲಿ, ಶಿರಾಳಕೊಪ್ಪದ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ, ನಲವತ್ತು ವರ್ಷ ಗಾಡಿಗಳ ಅಡಿಯಲ್ಲಿ ಅಂಗಾತ ಮಲಗಿ ಬದುಕಿದವನು. ನಾನು ಎಷ್ಟು ಲಾರಿಗಳ ಬೆನ್ನು ನೆಟ್ಟಗೆ ಮಾಡಿದೆ ಎಂಬುದನ್ನು ಬೇರೆಯವರು ಹೇಳಲಿ. ನಾನು ಹೇಳಬೇಕಾದದ್ದು ಬೇರೆ ಇದೆ. ಬಿಸಿ ಮಾಡದೆ ಹಚ್ಚಿದ ಒಂದೇ ಒಂದು ರಾಡಿನಿಂದ ನಾನು ಉಳವಿಯ ಡ್ರೈವರ್ ಒಬ್ಬರ ಹೆಸರು ಕಳೆದೆ. ಕಾಲು ಮುರಿಯಿತು, ಅದು ಕೂಡಿಕೊಂಡಿತು. ಹೆಸರು ಕೂಡಿಕೊಳ್ಳಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ, ಹೋದ ವರ್ಷ ಬಾಯಿ ಬಿಟ್ಟೆ. ಈ ಕಥೆ ಬಿಟ್ಟು ಬೇರೆ ಬುದ್ಧಿವಾದ ಹೇಳಿದರೆ ನನ್ನ ನಾಲಿಗೆಯೇ ನನ್ನನ್ನು ನೋಡಿ ನಕ್ಕೀತು.

ಮೊದಲು ಚಾಸಿ ಅಂದರೇನು ಹೇಳುತ್ತೇನೆ. ಬಾಡಿ, ಇಂಜಿನು, ಚಕ್ರ ಎಲ್ಲ ಬಿಚ್ಚಿ ತೆಗೆದರೆ ಗಾಡಿಯಲ್ಲಿ ಕೊನೆಗೆ ಉಳಿಯುವ ಏಣಿ ಅದು. ಎರಡು ಉದ್ದನೆಯ ಕಬ್ಬಿಣದ ತೊಲೆ, ನಡುವೆ ಮೆಟ್ಟಿಲುಗಳಂತೆ ಅಡ್ಡಪಟ್ಟಿ. ಬಣ್ಣ ನೋಡಿ ಗಾಡಿ ಕೊಳ್ಳುವವರಿಗೆ ಅದು ಕಾಣುವುದೇ ಇಲ್ಲ. ಕಾಣದೇ ಇರುವುದನ್ನು ಸರಿ ಮಾಡುವ ಕೆಲಸ ನಮ್ಮದು, ಹಾಗಾಗಿ ಇದರಲ್ಲಿ ಸುಳ್ಳು ಹೇಳುವುದೂ ಸುಲಭ.

ನನಗೆ ಕೆಲಸ ಕಲಿಸಿದವರು ಇಮಾಮ್ ಸಾಬರು. ಊರಿಗೆಲ್ಲ ಅವರು ಉಸ್ತಾದ್. ತೆಳ್ಳಗಿನ ಮೈ, ದೊಡ್ಡ ಕಿವಿ, ಮಾತು ಕಡಿಮೆ. ಅವರ ಬಳಿ ಇದ್ದ ದೊಡ್ಡ ಮಿಷನ್ನು ಅಂದರೆ ಒಂದು ಉಂಡೆ ದಾರ ಮತ್ತು ಎರಡು ತೂಗುಗುಂಡು. ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ನಾಲ್ಕು ಮೂಲೆಯಿಂದ ಗುಂಡು ಇಳಿಬಿಟ್ಟು, ಗುಂಡಿನ ಮೊನೆ ತೋರಿಸಿದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುವುದು. ಆಮೇಲೆ ಚಾಸಿಯನ್ನು ಪಕ್ಕಕ್ಕೆ ಸರಿಸಿ, ಗುರುತಿನಿಂದ ಗುರುತಿಗೆ ಮೂಲೆಯಿಂದ ಮೂಲೆಗೆ ಅಳೆಯುವುದು. ಎರಡೂ ಅಳತೆ ಒಂದೇ ಬಂದರೆ ಚಾಸಿ ನೆಟ್ಟಗಿದೆ. ಗುಂಡು ಅಲುಗುವುದು ನಿಲ್ಲುವ ತನಕ ಉಸ್ತಾದ್ ಕುಕ್ಕುರುಗಾಲಲ್ಲಿ ಕೂತು ಕಾಯುತ್ತಿದ್ದರು. ಹೊರಗೆ ಬಸ್ಸು ಹೋದರೆ ಗುಂಡು ಮತ್ತೆ ಅಲುಗುತ್ತಿತ್ತು, ಅವರು ಮತ್ತೆ ಕಾಯುತ್ತಿದ್ದರು. ತಗಡಿನ ತೂತುಗಳಿಂದ ಬಿಸಿಲಿನ ಕೋಲುಗಳು ಇಳಿದು, ಧೂಳು ಅದರಲ್ಲಿ ಮೆಲ್ಲಗೆ ತೇಲುತ್ತಿತ್ತು. ನನಗೆ ಆ ಕಾಯುವಿಕೆಯಲ್ಲೇ ಕಣ್ಣು ಎಳೆಯುತ್ತಿತ್ತು. ಈಗ ನೆನೆಸಿಕೊಂಡರೆ ನನ್ನ ಇಡೀ ವಯಸ್ಸು ಆ ಗುಂಡು ನಿಲ್ಲುವುದನ್ನು ಕಾಯುತ್ತಲೇ ಕಳೆಯಿತೇನೋ ಅನ್ನಿಸುತ್ತದೆ.

ಒಂದು ಶುಕ್ರವಾರ ನಮಾಜು ಮುಗಿಸಿ ಅವರು ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಳ್ಳಿಗಾವಿಗೆ ಹೊರಟರು. ಯಾಕೆ ಅಂತ ಹೇಳಲಿಲ್ಲ. ಅಲ್ಲಿ ಗುಡಿಯ ಮಂಟಪದ ಹೊರಗೆ ನಿಂತು, ಕಂಬಗಳ ಸಾಲನ್ನು ಒಂದು ಕಣ್ಣು ಮುಚ್ಚಿ ನೋಡು ಅಂದರು. ನೋಡಿದೆ. ಹಿಂದಿನ ಕಂಬಗಳೆಲ್ಲ ಮುಂದಿನ ಕಂಬದೊಳಗೆ ಹೋಗಿ ಅಡಗಿ, ಒಂದೇ ಕಂಬ ಉಳಿಯಿತು. "ಅವ್ರೂ ದಾರಾನೇ ಹಿಡ್ದಿದ್ದು ಬೇಟಾ. ಅವ್ರು ಕಲ್ಲಿಗೆ, ನಾವು ಕಬ್ಬಿಣಕ್ಕೆ," ಅಂದರು. ಗುಡಿಯ ಭಟ್ಟರು ಇಬ್ಬರಿಗೂ ಬಾಳೆಹಣ್ಣು ಕೊಟ್ಟರು. ಬರುವಾಗ ಸೈಕಲ್ ತುಳಿದವನು ನಾನು.

ನನ್ನ ಮೊದಲ ಎಡವಟ್ಟು ಕೇಳಿ. ಒಮ್ಮೆ ಅಳತೆಯ ಟೇಪು ಸಿಗಲಿಲ್ಲ ಅಂತ ಪಕ್ಕದ ಟೈಲರ್ ಅಂಗಡಿಯ ಬಟ್ಟೆ ಟೇಪು ತಂದೆ. ಎಳೆದರೆ ಅದು ಹಿಗ್ಗುತ್ತದೆ ಎಂಬ ಯೋಚನೆ ಹೊಳೆಯಲಿಲ್ಲ. ಒಂದು ಮೂಲೆಗೆ ಗಟ್ಟಿಯಾಗಿ ಎಳೆದೆ, ಇನ್ನೊಂದಕ್ಕೆ ಸಡಿಲ ಬಿಟ್ಟೆ. ಮುಕ್ಕಾಲು ಇಂಚು ವ್ಯತ್ಯಾಸ ಬಂತು. ನೆಟ್ಟಗಿದ್ದ ಚಾಸಿಗೆ ಜ್ಯಾಕು ಕೊಟ್ಟು ಎರಡು ದಿನ ಒದ್ದಾಡಿ ಡೊಂಕು ಮಾಡಿದೆ. ಉಸ್ತಾದ್ ಬಂದು ಟೇಪು ಕೈಗೆ ತೆಗೆದುಕೊಂಡು ನನ್ನ ಮುಖ ನೋಡಿದರು. "ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ. ನೀನು ನೆಲಾನೇ ಡೊಂಕು ಮಾಡ್ಬಿಟ್ಯಲ್ಲೋ!" ಬೈಗುಳ ಅಷ್ಟೇ. ಇನ್ನೂ ನಾಲ್ಕು ಬೈದಿದ್ದರೆ ಒಳ್ಳೆಯದಿತ್ತು, ಬೈಸಿಕೊಂಡರೂ ಜೀವ ಹೋಗುವುದಿಲ್ಲ, ತಪ್ಪು ಮಾಡಿದರೆ ಹೇಳಬಹುದು ಎಂಬ ಧೈರ್ಯ ಆಗಲೇ ಬರುತ್ತಿತ್ತೋ ಏನೋ.

ಈಗ ರಾಡಿನ ವಿಷಯ. ಚಾಸಿಯ ಕಬ್ಬಿಣ ಕಿಟಕಿ ಗ್ರಿಲ್ಲಿನ ಕಬ್ಬಿಣದಂತಲ್ಲ, ಗಡಸು ಜಾಸ್ತಿ. ಅದಕ್ಕೆ ಬೇರೆಯೇ ವೆಲ್ಡಿಂಗ್ ರಾಡು ಬೇಕು. ಆ ರಾಡಿನ ಮೈಮೇಲಿನ ಲೇಪ ಮಳೆಗಾಲದ ಹಪ್ಪಳದ ಹಾಗೆ ತೇವ ಹೀರುತ್ತದೆ. ಹಸಿ ರಾಡಿನಲ್ಲಿ ವೆಲ್ಡಿಂಗ್ ಹೊಡೆದರೆ ಮೇಲೆ ಚೆಂದವಾಗಿಯೇ ಕೂರುತ್ತದೆ, ಒಳಗೆ ಮಾತ್ರ ಸಣ್ಣ ಸಣ್ಣ ತೂತು ಬೀಳುತ್ತವೆ. ಬಿರುಕು ಅವತ್ತೇ ಬರುವುದಿಲ್ಲ. ಎರಡು ದಿನ ಬಿಟ್ಟು, ಐದು ದಿನ ಬಿಟ್ಟು, ಯಾರೂ ನೋಡದಾಗ ಬರುತ್ತದೆ. ಅದಕ್ಕೇ ಉಸ್ತಾದ್ ಭತ್ತದ ಹೊಟ್ಟಿನ ಒಲೆಯ ಮೇಲೆ ಒಂದು ತಗಡಿನ ಪೆಟ್ಟಿಗೆ ಇಟ್ಟು, ಅದರೊಳಗೆ ರಾಡುಗಳನ್ನು ತಾಸುಗಟ್ಟಲೆ ಕಾಯಿಸುತ್ತಿದ್ದರು. ತೆಗೆದ ರಾಡನ್ನು ಕೆನ್ನೆಯ ಹತ್ತಿರ ಹಿಡಿದು ನೋಡಬೇಕು, ಕಾವು ಬಡಿದರೆ ಮಾತ್ರ ಹೋಲ್ಡರಿಗೆ ಸಿಕ್ಕಿಸಬೇಕು. ಅದು ಅವರ ಕಾನೂನು.

ಅವತ್ತು ಪುಷ್ಯ ಮಳೆ ಹಿಡಿದಿತ್ತು. ನನಗೆ ಆಗ ಇಪ್ಪತ್ತೈದು. ಉಸ್ತಾದ್ ಶಿರಾಳಕೊಪ್ಪದಲ್ಲಿ ಅವರ ತಂಗಿಯ ಮಗನ ಮದುವೆಗೆ ಹೋಗಿದ್ದರು, ಕೆಲಸ ಮುಗಿಸಿ ನನಗೂ ಬರಲು ಹೇಳಿದ್ದರು. ಆ ಹೊತ್ತಿಗೆ ಸೊರಬದ ಸಾಹುಕಾರರೊಬ್ಬರ ಪಿಕಪ್ಪು ಬಂತು. ವಿದೇಶದ ಹಳೆಯ ಗಾಡಿ, ಗುಂಡು ಮೂತಿ, ದಪ್ಪ ಮಡ್‌ಗಾರ್ಡು, ಸುತ್ತ ಹತ್ತೂರಿಗೆ ಅಂಥದ್ದು ಅದೊಂದೇ. ಡ್ರೈವರ್ ಉಳವಿಯ ಚನ್ನವೀರಪ್ಪ, ನನಗಿಂತ ಹತ್ತು ವರ್ಷ ದೊಡ್ಡವರು. ಗಾಡಿಯನ್ನು ಎಮ್ಮೆ ತೊಳೆದಂತೆ ತಿಕ್ಕಿ ತೊಳೆಯುವ ಮನುಷ್ಯ. ಕ್ಯಾಬಿನ್ ಹಿಂದೆ ಎಡಗಡೆ ತೊಲೆಯಲ್ಲಿ ಬಿರುಕು ಬಿಟ್ಟಿತ್ತು.

ಪೆಟ್ಟಿಗೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಹೊಟ್ಟು ನೆನೆದು ಒಲೆ ಆರಿಹೋಗಿತ್ತು. ಒಲೆ ಹೊತ್ತಿಸಿ ರಾಡು ಕಾಯುವ ಹೊತ್ತಿಗೆ ಮಧ್ಯಾಹ್ನ ದಾಟುತ್ತದೆ, ಮದುವೆಯ ಬಿರಿಯಾನಿ ಮುಗಿದಿರುತ್ತದೆ. ಸುಳ್ಳು ಹೇಳುವುದಿಲ್ಲ ಮಕ್ಕಳೇ, ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಚನ್ನವೀರಪ್ಪ ಮೂಲೆಯ ಬೆಂಚಿನ ಮೇಲೆ ಕೂತು, "ನಿಧಾನಕ್ಕೆ ಮಾಡಿ ಮಾರಾಯ್ರೆ, ನಂಗೇನೂ ಗಡಿಬಿಡಿ ಇಲ್ಲ," ಅಂತಲೂ ಅಂದರು. ನಾನು ತಣ್ಣಗಿನ ರಾಡನ್ನೇ ಸಿಕ್ಕಿಸಿದೆ. ಕಪ್ಪು ಗಾಜಿನ ಹಿಂದಿನಿಂದ ನೋಡುವಾಗ ಲೋಕವೆಲ್ಲ ಅಳಿಸಿಹೋಗಿ ಒಂದು ಹಸಿರು ಚುಕ್ಕೆ ಮಾತ್ರ ಉಳಿಯುತ್ತದೆ. ಆ ಚುಕ್ಕೆಯೊಳಗೆ ಕಬ್ಬಿಣ ನೀರಾಗಿ ಅಲೆಯಾಗಿ ಹಿಂದೆ ಸರಿಯುವುದನ್ನು ನೋಡುತ್ತಿದ್ದರೆ ಮಳೆಯ ಸದ್ದೂ ಕೇಳುವುದಿಲ್ಲ. ಅವತ್ತಿನ ವೆಲ್ಡಿಂಗ್ ನೋಡಲು ಬಹಳ ಸುಂದರವಾಗಿತ್ತು. ಬಿರಿಯಾನಿಯೂ ಸಿಕ್ಕಿತು.

ಐದನೇ ದಿನಕ್ಕೆ ಶಿರಾಳಕೊಪ್ಪ ದಾಟಿ ಸೊರಬದ ಕಡೆಯ ಇಳಿಜಾರಿನಲ್ಲಿ ಪಿಕಪ್ಪಿನ ಎಡ ತೊಲೆ ತುಂಡಾಯಿತು. ಗಾಡಿ ಭತ್ತದ ಗದ್ದೆಗೆ ನುಗ್ಗಿತು. ಚನ್ನವೀರಪ್ಪನವರ ಬಲಗಾಲಿನ ಹರಡು ಮುರಿಯಿತು, ಜೀವ ಉಳಿಯಿತು. ಮೂಟೆಗಳು ಒಡೆದು ಭತ್ತ ನೀರಿನಲ್ಲಿ ತೇಲಿ ಹೋಯಿತು, ಎಷ್ಟು ಮೂಟೆ ಇತ್ತು ಎಂದು ಎಣಿಸಲು ಏನೂ ಉಳಿದಿರಲಿಲ್ಲ.

ಕಾಲಿಗೆ ಪಟ್ಟಿ ಸುತ್ತಿಕೊಂಡ ಚನ್ನವೀರಪ್ಪನವರನ್ನು ಸಾಹುಕಾರರು ಜೀಪಿನಲ್ಲಿ ನಮ್ಮ ಶೆಡ್ಡಿಗೆ ಕರೆತಂದರು. ರಿಪೇರಿ ಸರಿಯಿಲ್ಲವೋ, ಡ್ರೈವರ್ ಕದ್ದು ಬೇರೆಯವರ ಮೂಟೆ ಹೇರಿದ್ದನೋ, ಅದು ತೀರ್ಮಾನ ಆಗಬೇಕಿತ್ತು.

"ಹದಿನಾಲ್ಕೇ ಮೂಟೆ ಸಾಹುಕಾರ್ರೇ. ನಾನೇ ಹೇರ್ಸಿದ್ದು. ಒಂದು ಜಾಸ್ತಿ ಇದ್ರೆ ನನ್ನ ಕಣ್ಣು ಹೋಗ್ಲಿ," ಅಂದರು ಚನ್ನವೀರಪ್ಪ.

ಉಸ್ತಾದ್ ನನ್ನ ಕಡೆ ತಿರುಗಿದರು. "ಮಹಬೂಬ್, ರಾಡ್ ಬಿಸಿ ಮಾಡಿದ್ಯಾ?"

"ಮಾಡಿದ್ದೆ ಉಸ್ತಾದ್."

ಅಷ್ಟೇ. ಎರಡು ಪದ. ಉಸ್ತಾದ್ ಸಾಹುಕಾರರಿಗೆ, "ನಮ್ ಹುಡುಗ ಸುಳ್ಳು ಹೇಳೋನಲ್ರಿ. ಲೋಡೇ ಜಾಸ್ತಿ ಆಗಿರ್ಬೇಕು," ಅಂದರು. ಅವರ ಮಾತಿಗೆ ಊರಲ್ಲಿ ಎದುರು ಮಾತಿರಲಿಲ್ಲ. ಗದ್ದೆಯಿಂದ ಎತ್ತಿದ ಗಾಡಿಯನ್ನು ಸಾಹುಕಾರರು ಸಿಟ್ಟಿನಲ್ಲಿ ತಮ್ಮ ಅಕ್ಕಿ ಗಿರಣಿಯ ಹಿಂದೆ ತಳ್ಳಿಸಿಬಿಟ್ಟರು, ಮುರಿದ ತೊಲೆಯನ್ನು ತೆಗೆದು ನೋಡಿದವರು ಯಾರೂ ಇಲ್ಲ.

ನಮ್ಮ ಕಡೆ ಅಡ್ಡಹೆಸರು ಇಡುವುದರಲ್ಲಿ ಜನ ಬಲು ಚುರುಕು. ತಿಂಗಳು ಕಳೆಯುವುದರೊಳಗೆ ಅವರು ಓವರ್‌ಲೋಡ್ ಚನ್ನವೀರಪ್ಪ ಆದರು, ವರ್ಷ ಕಳೆಯುವುದರೊಳಗೆ ಬರೀ ಓವರ್‌ಲೋಡು. ಮಾಲೀಕರ ಗಾಡಿಯಲ್ಲಿ ಕದ್ದು ಬಾಡಿಗೆ ಹೊಡೆದವನು ಅಂತ ಅದರ ಅರ್ಥ. ಆಮೇಲೆ ಯಾರೂ ಅವರ ಕೈಗೆ ಸ್ಟೀರಿಂಗ್ ಕೊಡಲಿಲ್ಲ. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ನಾನೇ ಒಮ್ಮೆ ನನ್ನ ಕಿವಿಯಾರೆ ಕೇಳಿದೆ, ಕಂಡಕ್ಟರ್ ಒಬ್ಬ, "ಏ ಓವರ್‌ಲೋಡು, ಒಳಗೆ ಸರೀ," ಅಂದ. ಅವರು ತಲೆ ತಗ್ಗಿಸಿ ಒಳಗೆ ಸರಿದರು. ನಾನು ಅವರ ಕಣ್ಣಿಗೆ ಬೀಳದಂತೆ ಕಂಬದ ಹಿಂದೆ ನಿಂತೆ, ಆ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋದೆ.

ಉಸ್ತಾದ್ ತೀರಿಕೊಂಡರು. ಕೊನೆಯ ವಾರ ಅವರ ಮಂಚದ ಪಕ್ಕ ದಿನವೂ ಕೂತಿದ್ದೆ, ದಿನವೂ ಹೇಳಬೇಕು ಅಂದುಕೊಂಡೆ. ಅವರು ನನ್ನ ಕೈ ಹಿಡಿದು, "ನನ್ನ ಕೈ ಹೋದ್ರೂ ನಿನ್ನ ಕೈ ಐತಲ್ಲ ಬೇಟಾ," ಅಂದಾಗ ಅವರ ಹೊದಿಕೆ ಸರಿಪಡಿಸಿ, ಹೇಳದೆಯೇ ಎದ್ದು ಬಂದೆ. ಶೆಡ್ಡು ನನಗೆ ಬಂತು.

ಕೆಲಸ ಬದಲಾಯಿತು. ರಿವೆಟ್ ಹೋಗಿ ಬೋಲ್ಟು ಬಂತು, ಸುತ್ತಿಗೆ ಹೋಗಿ ಹೈಡ್ರಾಲಿಕ್ ಬಂತು. ಈಗಂತೂ ಕೆಂಪು ಬೆಳಕಿನ ಗೆರೆ ಬಿಟ್ಟು ಅಳೆಯುತ್ತಾರೆ, ಬಸ್ಸು ಹೋದರೂ ಅದು ಅಲುಗುವುದಿಲ್ಲ. ರಾಡಿನ ಬದಲು ಸುರುಳಿಯಿಂದ ತಂತಿ ತಾನೇ ಬರುತ್ತದೆ, ಕಾಯಿಸುವ ತಂಟೆಯೂ ಇಲ್ಲ. ಒಳ್ಳೆಯದೇ. ಹಳೆಯದೇ ಚೆಂದ ಎಂದು ನಾನು ಹೇಳುವವನಲ್ಲ, ನನ್ನ ಸೊಂಟ ಕೇಳಿ, ಅದು ಹೇಳುತ್ತದೆ. ಆದರೆ ಮಧ್ಯಾಹ್ನ ಕಣ್ಣು ಮುಚ್ಚಿದರೆ ನನಗೆ ದಾರದ ಕನಸೇ ಬೀಳುತ್ತಿತ್ತು. ಚಾಸಿಗೆ ದಾರ ಹಿಡಿದುಕೊಂಡು ಹೋಗುತ್ತಿರುತ್ತೇನೆ, ಚಾಸಿ ಮುಗಿಯುವುದೇ ಇಲ್ಲ. ಶೆಡ್ಡು ದಾಟಿ, ಕೆರೆ ಏರಿ ದಾಟಿ, ಶಿರಾಳಕೊಪ್ಪ ದಾಟಿ ಸೊರಬದ ಇಳಿಜಾರಿನ ತನಕ ತೊಲೆ ಹರಡಿಕೊಂಡಿರುತ್ತದೆ. ಸುತ್ತ ಭತ್ತ ತೇಲುತ್ತಿರುತ್ತದೆ. ದಾರದ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂದು ನೋಡುವಷ್ಟರಲ್ಲಿ ಎಚ್ಚರವಾಗುತ್ತಿತ್ತು.

ಶೆಡ್ಡು ಮುಚ್ಚಿ ಮೂರು ವರ್ಷವಾಗಿತ್ತು. ಹೋದ ವರ್ಷ ಒಂದು ಬೆಳಿಗ್ಗೆ ಫೋನು ಬಂತು, ಹೆಂಗಸಿನ ದನಿ.

"ಸಾಬ್ರಾ? ನಾನು ಉಳವಿಯಿಂದ ಗಿರಿಜಾ ಅಂತ, ಗೂಡ್ಸ್ ಗಾಡಿ ಓಡಿಸ್ತೀನಿ. ನಿಮ್ಮ ಕೈಯಲ್ಲಿ ಒಂದು ಹಾಟ್ ರಾಡ್ ಆಗ್ಬೇಕಿತ್ತು."

ಹಾಟ್ ಅಂದರೆ ಬಿಸಿ ಎಂಬಷ್ಟು ಇಂಗ್ಲಿಷು ನನಗೂ ಬರುತ್ತದೆ. ಉಳವಿ, ಬಿಸಿ ರಾಡು. "ಯಾರು ಹೇಳಿದ್ರಮ್ಮ ನಿಮಗೆ?" ಅಂದೆ.

"ಯಾರು ಹೇಳೋದೆಂತ? ಮೊಬೈಲಲ್ಲೇ ಬರುತ್ತಲ್ಲ. ಎಲ್ಲಾ ಕಡೆ ನೋಡ್ತಿದಾರೆ."

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನನ್ನ ಪಾಪ ಮೊಬೈಲಿನಲ್ಲಿ ಬಂದುಬಿಟ್ಟಿದೆ, ಲೋಕವೆಲ್ಲ ನೋಡುತ್ತಿದೆ ಅಂತಲೇ ತಿಳಿದೆ. ಕುರ್ಚಿ ಹುಡುಕಿಕೊಂಡು ಕೂತೆ. ಅವಳು ಬಿಡಿಸಿ ಹೇಳಿದಾಗ ಅರ್ಥವಾಯಿತು. ಹೊರದೇಶದಲ್ಲಿ ಹಳೆಯ ಗುಂಡು ಮೂತಿಯ ಪಿಕಪ್ಪುಗಳ ಚಾಸಿಯನ್ನು ಹೊಸದಾಗಿ ಕಟ್ಟಿ, ಮೂತಿ ತಗ್ಗಿಸಿ, ಬೆಂಕಿಯ ಬಣ್ಣ ಹೊಡೆದು ಓಡಿಸುತ್ತಾರಂತೆ, ಅದಕ್ಕೆ ಹಾಟ್ ರಾಡ್ ಅಂತ ಹೆಸರಂತೆ. ಉಸಿರು ಬಂತು. ಗಾಡಿ ತನ್ನಿ ನೋಡೋಣ ಅಂದೆ.

ಲಾರಿಯ ಮೇಲೆ ಹೇರಿಕೊಂಡು ಬಂದ ಗಾಡಿ ನೋಡಿದಾಗ ಆ ಉಸಿರು ಮತ್ತೆ ಹೋಯಿತು. ಅದೇ ಮೂತಿ, ಅದೇ ಮಡ್‌ಗಾರ್ಡು. ಸಾಹುಕಾರರ ಮೊಮ್ಮಕ್ಕಳು ಗಿರಣಿ ಕೆಡವುವಾಗ ಗುಜರಿಗೆ ಹಾಕಲಿದ್ದುದನ್ನು ಗಿರಿಜಾ ಕೊಂಡಿದ್ದಳು. ಹಿಂದೆ ಬಂದ ಅವಳ ಗೂಡ್ಸ್ ಗಾಡಿಯಿಂದ ಕೋಲೂರಿಕೊಂಡು ಒಬ್ಬರು ಇಳಿದರು.

"ಮಹಬೂಬ್ ಅಲ್ದಾ? ಹಲ್ಲು ಹೋದ್ರೂ ಮೂಗು ಹಂಗೇ ಐತೆ," ಅಂದರು ಚನ್ನವೀರಪ್ಪ.

ಗಿರಿಜಾ ಅವರ ಮಗಳು. ನಲವತ್ತರ ಆಸುಪಾಸು, ಗಟ್ಟಿ ದನಿ, ಮಾತಿನಲ್ಲಿ ಸುತ್ತಿ ಬಳಸುವುದು ಇಲ್ಲ. ಬಣ್ಣ, ಮೂತಿ ಎಲ್ಲ ತನ್ನ ಶೋಕಿ ಅಂದಳು. ನಿಜವಾದ ಕಾರಣ ಬೇರೆ. "ಇದೇ ಗಾಡೀಲಿ ಹದಿನಾಲ್ಕು ಮೂಟೆ ಹೇರಿ, ಅದೇ ಇಳಿಜಾರಲ್ಲಿ ಇಳಿಸಿ ಉಳವಿಗೆ ತರ್ತೀನಿ. ಅಪ್ಪ ಹೇಳಿದಷ್ಟೇ ಮೂಟೆ. ಗಾಡಿ ತಡೀತೈತೆ ಅಂತ ಊರು ಕಣ್ಣಾರೆ ನೋಡ್ಲಿ."

ಕೆಲಸ ಒಪ್ಪಿಕೊಂಡೆ, ಮುಚ್ಚಿದ್ದ ಶೆಡ್ಡಿನ ಬಾಗಿಲು ತೆಗೆದೆ. ಬೇಡ ಅನ್ನಲು ಏನು ಕಾರಣ ಹೇಳಲಿ? ಬಾಡಿ ಎತ್ತಿಸಿದೆ, ಇಂಜಿನು ಇಳಿಸಿದೆ. ತುಕ್ಕಿನ ಪೊರೆ ಹೆರೆಯುತ್ತ ಹೆರೆಯುತ್ತ ಎಡ ತೊಲೆಗೆ ಬಂದಾಗ ನನ್ನ ವೆಲ್ಡಿಂಗ್ ಸಿಕ್ಕಿತು. ಸರಿಯಾಗಿ ಅದರ ಮಧ್ಯದಲ್ಲೇ ಮುರಿದಿತ್ತು. ಗ್ರೈಂಡರ್ ಹಿಡಿದು ಮೇಲಿನ ಪದರ ತೆಗೆದೆ. ಒಳಗೆಲ್ಲ ಕಪ್ಪು ತೂತು, ಗೆದ್ದಲು ಹಿಡಿದ ಹಲಗೆಯಂತೆ. ಒಂದೂವರೆ ಅಡಿ ತುಂಡನ್ನು ಕತ್ತರಿಸಿ ತೆಗೆದು ಗೋಣಿಚೀಲದಲ್ಲಿ ಸುತ್ತಿ ಮೂಲೆಯಲ್ಲಿಟ್ಟೆ. ಗುಜರಿಗೆ ಎಸೆದರೆ ಮುಗಿಯಿತು, ಸಾಕ್ಷಿ ಇನ್ನೊಂದಿಲ್ಲ. ಹೊಸ ತೊಲೆಯ ಮೇಲೆ ಗಾಡಿ ಹದಿನಾಲ್ಕು ಮೂಟೆ ಹೊತ್ತು ಉಳವಿ ಸೇರುತ್ತದೆ, ಚನ್ನವೀರಪ್ಪನವರ ಹೆಸರೂ ತೊಳೆದಂತಾಗುತ್ತದೆ, ನನ್ನದೂ ಉಳಿಯುತ್ತದೆ. ಎರಡೂ ಕೈಯಲ್ಲಿ ಲಾಡು ಅಂತ ನಾಲ್ಕು ದಿನ ಮನಸ್ಸಿಗೆ ಸಮಾಧಾನ ಹೇಳಿದೆ. ಮನಸ್ಸು ಕೇಳಲಿಲ್ಲ.

ಮಗಳು ಬಾಡಿಗೆಗೆ ಹೋಗುವಾಗ ಅಪ್ಪನನ್ನು ನಮ್ಮ ಶೆಡ್ಡಿನಲ್ಲಿ ಬಿಟ್ಟುಹೋಗುತ್ತಿದ್ದಳು. ಅವರು ಆ ಹಳೆಯ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ಗುಂಡು ಇಳಿಬಿಟ್ಟಾಗ ಇಬ್ಬರೂ ಸುಮ್ಮನೆ ಕಾಯುತ್ತಿದ್ದೆವು, ಬಿಸಿಲಿನ ಕೋಲು ನೆಲದ ಮೇಲೆ ನಿಧಾನಕ್ಕೆ ಜರುಗುತ್ತಿತ್ತು. ಒಂದೊಂದು ಸಲ ಬೆಂಚಿನ ಮೇಲಿರುವುದು ಉಸ್ತಾದ್ ಅನ್ನಿಸಿಬಿಡುತ್ತಿತ್ತು. ಅಂಥ ಒಂದು ಹೊತ್ತಿನಲ್ಲಿ, ಗಿರಿಜಾ ಆಗತಾನೇ ಬಂದು ಬಾಗಿಲಲ್ಲಿ ನಿಂತಿದ್ದಾಗ, ಅವರು ಗುಂಡಿನ ಕಡೆ ನೋಡುತ್ತಲೇ ಹೇಳಿದರು.

"ಒಂದು ಮಾತು ಹೇಳ್ತೀನಿ ಸಾಬ್ರೆ. ಹದಿನಾಲ್ಕೋ ಹದಿನಾರೋ, ನಂಗೇ ಈಗ ಗ್ಯಾರಂಟಿ ಇಲ್ಲ. ಇಷ್ಟು ವರ್ಷ ಇಷ್ಟು ಜನ ಹೇಳಿದ್ಮೇಲೆ ಸುಳ್ಳಿರ್ತೈತಾ? ಯಾರೋ ಎರಡು ಮೂಟೆ ಇಟ್ರು, ನಾನು ಹ್ಞೂಂ ಅಂದೆ ಅನ್ನೋ ಹಂಗೇ ಕಣ್ಮುಂದೆ ಬರ್ತೈತೆ. ಬಸ್ಸಲ್ಲಿ ಕೂತ್ರೂ ಮೂಟೆ ಎಣಿಸ್ತಿರ್ತೀನಿ. ಒಂದ್ಸಲ ಹದಿನಾಲ್ಕು ಬರ್ತೈತೆ, ಒಂದ್ಸಲ ಹದಿನಾರು."

ಅಲ್ಲಾ! ನಾನು ಅವರ ಕೆಲಸ ಕಸಿದೆ, ಮಾನ ಕಸಿದೆ ಎಂದಷ್ಟೇ ತಿಳಿದಿದ್ದೆ. ಅವರ ಮೇಲೆ ಅವರಿಗಿದ್ದ ನಂಬಿಕೆಯನ್ನೂ ತಿಂದುಹಾಕಿದ್ದೆ. ನಾನು ಎದ್ದು ಹೋಗಿ ಗೋಣಿಚೀಲ ಬಿಚ್ಚಿ, ಆ ತುಂಡನ್ನು ತಂದು ಅವರ ಮಡಿಲಲ್ಲಿಟ್ಟೆ. ನೆಲದ ಮೇಲೆ ಕೂತೆ. ಒಲೆ ಆರಿದ್ದು, ತಣ್ಣಗಿನ ರಾಡು, ಉಸ್ತಾದರಿಗೆ ಹೇಳಿದ ಸುಳ್ಳು, ಎಲ್ಲ ಹೇಳಿದೆ. ಹದಿನಾಲ್ಕೇ ಮೂಟೆ ಚನ್ನವೀರಪ್ಪನೋರೆ, ಹದಿನಾಲ್ಕೇ, ಅಂದೆ. ಅಳು ಬಂತು, ಅತ್ತೆ.

ಅವರು ಬೆರಳಿನಿಂದ ಆ ತೂತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಕೇಳಿದರು.

"ಅವತ್ತು ಅಂಥಾ ಗಡಿಬಿಡಿ ಎಂತಕ್ಕೆ ಮಾಡಿದ್ರಿ? ನಾನು ನಿಧಾನಕ್ಕೆ ಮಾಡಿ ಅಂದಿದ್ನಲ್ಲ."

"ಮದುವೆ ಇತ್ತು. ಬಿರಿಯಾನಿ ಮುಗ್ದುಹೋಗುತ್ತೆ ಅಂತ."

"ಬಿರಿಯಾನಿಗಾ?"

"ಹ್ಞೂಂ."

ಅವರು ತುಂಡನ್ನು ಮಡಿಲಿನಿಂದ ಎತ್ತಿ ಬೆಂಚಿನ ಮೇಲಿಟ್ಟರು. ಮಾತಾಡಿದ್ದು ಗಿರಿಜಾ. "ಥೂ! ಶಾಲೇಲಿ ಹಾಜರಿ ಕೂಗುವಾಗ ಹುಡುಗ್ರು ಓವರ್‌ಲೋಡ್ ಗಿರಿಜಾ ಅಂತಿದ್ರು. ಎರಡು ಸಂಬಂಧ ಬಂದು ವಾಪಸ್ ಹೋದ್ವು, ಕಳ್ಳನ ಮನೆ ಹೆಣ್ಣು ಅಂತ. ಅವ್ವ ಅದೇ ಕೊರಗಲ್ಲಿ ಹೋದ್ಲು. ಒಂದು ತಟ್ಟೆ ಅನ್ನಕ್ಕೆ ನೀವು ನಮ್ಮನೆ ತಿಂದ್ರಲ್ರೀ! ಗಾಡಿ ಮುಟ್ಬೇಡಿ. ನಾಳೆ ಲಾರಿ ತರ್ತೀನಿ, ಬೇರೆ ಕಡೆ ಮಾಡಿಸ್ತೀನಿ."

"ಸುಮ್ನಿರು ಗಿರಿಜಾ," ಅಂದರು ಚನ್ನವೀರಪ್ಪ. "ಮುರಿದವನೇ ಜೋಡಿಸ್ಲಿ. ಆದ್ರೆ ಸಾಬ್ರೆ, ಒಂದು ಕರಾರು. ಗಾಡಿ ಜೊತೆ ನೀವೂ ಉಳವಿಗೆ ಬರ್ಬೇಕು. ನಂಗೆ ಹೇಳಿದ್ದನ್ನ ಅಲ್ಲಿ ನಿಂತು ಹೇಳ್ಬೇಕು."

ಮುಂದಿನ ಎರಡು ತಿಂಗಳು ನಾನು ಮಾಡಿದಂಥ ಕೆಲಸವನ್ನು ನನ್ನ ಜೀವಮಾನದಲ್ಲಿ ಮಾಡಿರಲಿಲ್ಲ. ಎರಡೂ ತೊಲೆಗೆ ಒಳಗಡೆಯಿಂದ ತಗಡು ಕೂರಿಸಿ ಪೆಟ್ಟಿಗೆಯಂತೆ ಮುಚ್ಚಿದೆ. ಹೊಸ ತುಂಡನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿ ಸೇರಿಸಿದೆ, ನೇರ ಗೆರೆಯಲ್ಲಿ ಬೆಸೆದರೆ ಭಾರವೆಲ್ಲ ಅಲ್ಲೇ ಬೀಳುತ್ತದೆ, ಇದನ್ನು ನೀವು ಬರೆದಿಟ್ಟುಕೊಳ್ಳಿ. ಅಡ್ಡಪಟ್ಟಿ ಐದರಲ್ಲಿ ಮೂರು ಹೊಸದು. ತಂತಿಯ ಮಿಷನ್ನು ಬಾಡಿಗೆಗೆ ಸಿಗುತ್ತಿತ್ತು, ತರಲಿಲ್ಲ. ಹೊಟ್ಟಿನ ಒಲೆ ಹೊತ್ತಿಸಿ ರಾಡನ್ನೇ ಕಾಯಿಸಿದೆ. ಒಂದು ರಾಡೂ ಕೆನ್ನೆಗೆ ಹಿಡಿಯದೆ ಹಚ್ಚಲಿಲ್ಲ. ಕಪ್ಪು ಗಾಜು ಇಳಿಸಿಕೊಂಡು ಆ ಹಸಿರು ಚುಕ್ಕೆಯೊಳಗೆ ಇಳಿದರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ, ವಯಸ್ಸೂ ನೆನಪಾಗುತ್ತಿರಲಿಲ್ಲ.

ಗಿರಿಜಾ ನನ್ನ ಜೊತೆ ಮಾತು ಬಿಟ್ಟಿದ್ದಳು. ಏನಾದರೂ ಕೇಳಬೇಕಿದ್ದರೆ ಅಪ್ಪನಿಗೆ ಕೇಳುವಳು, ಅವರು ಒಂದು ಮಾರು ದೂರದಲ್ಲಿದ್ದ ನನಗೆ ಕೇಳುವರು. ಮೂತಿ ತಗ್ಗಿಸುವ ವಿಷಯ ಬಂದಾಗ ಮಾತ್ರ ನಾನು ಹಟ ಹಿಡಿದೆ. ನಮ್ಮ ರಸ್ತೆಯ ಹಂಪುಗಳಿಗೆ ಆ ತಗ್ಗಿನ ಮೂತಿ ಮೊದಲನೇ ದಿನವೇ ಬಡಿದು ಹೋಗುತ್ತದೆ.

"ಹಂಗಾದ್ರೆ ಹಾಟ್ ರಾಡ್ ಅಂತ ಯಾರು ಅಂತಾರೆ ಅಂತ ಕೇಳಪ್ಪ," ಅಂದಳು.

"ರಾಡ್ ಬಿಸಿ ಇದ್ದದ್ದು ನಾನು ನೋಡೀನಿ. ಅಷ್ಟು ಸಾಕು," ಅಂದರು ಅಪ್ಪ. ಅವಳಿಗೆ ನಗು ಬಂತು, ತಡೆದುಕೊಂಡಳು.

ಕಡೆಯ ದಿನ ಗುಂಡು ಇಳಿಬಿಟ್ಟು ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಅಳೆದೆವು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಚನ್ನವೀರಪ್ಪನವರ ಕೈಯಲ್ಲಿ. ಎರಡೂ ಅಳತೆ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ಬಂತು.

ಬಾಡಿ ಕೂರಿಸಿ, ಇಂಜಿನು ಕಟ್ಟಿ, ಮಡ್‌ಗಾರ್ಡಿನ ಮೇಲೆ ಕೆಂಪು ಜ್ವಾಲೆಯ ಬಣ್ಣ ಹೊಡೆಸಿ, ಶಿರಾಳಕೊಪ್ಪದಲ್ಲಿ ಹದಿನಾಲ್ಕು ಮೂಟೆ ಭತ್ತ ಹೇರಿದರು. ಗಿರಿಜಾ ಸ್ಟೀರಿಂಗ್ ಹಿಡಿದಳು, ಪಕ್ಕದಲ್ಲಿ ಅಪ್ಪ, ನಾನು ಹಿಂದೆ ಮೂಟೆಗಳ ಮೇಲೆ. ಇಳಿಜಾರು ಬಂದಾಗ ಗಾಜಿನ ಸಂದಿಯಿಂದ ಒಳಗೆ ನೋಡಿದೆ. ಚನ್ನವೀರಪ್ಪ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಗಾಡಿ ತೊಟ್ಟಿಲಿನಂತೆ ಇಳಿಯಿತು. ಎರಡೂ ಕಡೆ ಗದ್ದೆಯ ಹಸಿರು ಹಿಂದಕ್ಕೆ ಹರಿಯುತ್ತಿತ್ತು, ನನಗೆ ನನ್ನ ಕನಸಿನೊಳಗೆ ಕೂತು ಹೋದಂತಾಯಿತು.

ಉಳವಿಯಲ್ಲಿ ಬಸ್ಸು ನಿಲ್ಲುವ ಕಡೆ ಜನ ಸೇರಿದ್ದರು. "ಓವರ್‌ಲೋಡು ಬಂದ, ಓವರ್‌ಲೋಡು ಬಂದ!" ಅಂತ ಯಾರೋ ಕೂಗಿದರು, ಉಳಿದವರು ನಕ್ಕರು. ಗಿರಿಜಾ ಇಂಜಿನು ಆರಿಸಿದಳು. ನಾನು ಮೂಟೆಯ ಮೇಲೆಯೇ ಎದ್ದು ನಿಂತು, ಆ ತೂತು ಬಿದ್ದ ತುಂಡನ್ನು ಎತ್ತಿ ಹಿಡಿದು, ನಾನು ಯಾರು, ಏನು ಮಾಡಿದೆ, ಏನು ಸುಳ್ಳು ಹೇಳಿದೆ ಎಂದು ಹೇಳಿದೆ. ಬಿರಿಯಾನಿಯನ್ನೂ ಬಿಡಲಿಲ್ಲ. "ಇವ್ರು ಹೇರಿದ್ದು ಹದಿನಾಲ್ಕೇ ಮೂಟೆ. ರಾಡ್ ಹಸಿ ಇತ್ತು. ತಪ್ಪು ನಂದು," ಅಂದೆ. ತುಂಡು ಕೈಯಿಂದ ಕೈಗೆ ಹೋಯಿತು. ಒಬ್ಬ ಮುದುಕರು ಮಾತ್ರ, "ಇಷ್ಟು ತಡ ಮಾಡಿದ್ರಲ್ಲ ಸಾಬ್ರೆ. ಆ ಹೆಣ್ಮಗಳು ಇರ್ಬೇಕಿತ್ತು," ಅಂದರು. ಚನ್ನವೀರಪ್ಪನವರ ಹೆಂಡತಿಯ ಮಾತು ಅದು. ಆ ಮಾತು ನನ್ನ ಜೊತೆ ಮಣ್ಣಿಗೇ ಬರುತ್ತದೆ.

ಸುಮ್ಮನೆ ಬಿಡುವ ಊರಲ್ಲ ಅದು, ಬಿಡಲಿಲ್ಲ. ವಾರದೊಳಗೆ ನನಗೆ ಹೆಸರು ಬಿತ್ತು. ಈಗ ಸೊರಬದಲ್ಲಿ ಉಳವಿಯ ಬಸ್ಸು ಹತ್ತಿದರೆ ಕಂಡಕ್ಟರ್, "ಬರ್ರಿ ಹಸಿ ರಾಡ್ ಸಾಬ್ರೆ, ಒಳಗೆ ಸರೀರಿ," ಅನ್ನುತ್ತಾನೆ. ಸರಿಯುತ್ತೇನೆ. ಉರಿಯುತ್ತದೆ, ಇಲ್ಲ ಅನ್ನುವುದಿಲ್ಲ.

ಗಿರಿಜಾ ಮೊನ್ನೆ ತಾನಾಗಿ ಫೋನು ಮಾಡಿದಳು, ಗಾಡಿಯ ಬ್ರೇಕಿನ ವಿಷಯ ಕೇಳಲು. ಇಡುವ ಮೊದಲು ನಾನೇ ಅಂಜುತ್ತ ಕೇಳಿದೆ, "ಅಪ್ಪನ್ನ ಈಗ ಊರಲ್ಲಿ ಏನಂತ ಕರೀತಾರಮ್ಮ?"

ಆ ಕಡೆ ಅವಳು ಗಾಡಿಯ ಇಂಜಿನು ಆರಿಸಿದ್ದು ಕೇಳಿಸಿತು.

"ಚನ್ನವೀರಪ್ಪ ಅಂತಾರೆ," ಅಂದಳು.